ಅಣ್ಣನ ಎದುರಿನ ಕುರ್ಚಿ

“ಅರೇ ಸಂಗ್ಯಾ, ನಿನಗಿಂತ ನಮ್ಮ ಎಮ್ಮಿ ಬಾಲ ನೆಟ್ಟಗ ಹೊಡೀತದಲ್ಲೋ!”

ಮೋರಟಗಿಯ ಕ್ಯಾರಂ ಪಂದ್ಯಕ್ಕೆ ತೀರ್ಪು ಹೇಳುವ ಪಂಚರಾಗಿದ್ದ ನಾರಾಯಣರಾಯರು ತುಂಬಿದ ಮಂದಿಯ ನಡುವೆ ಹೀಗಂದಾಗ ಚಹಾದಂಗಡಿಯ ಚಪ್ಪರ ಹಾರಿಹೋಗುವಂತೆ ಎಲ್ಲರೂ ನಕ್ಕರು. ಸಂಗು ಹೊಡೆದ ಸ್ಟ್ರೈಕರ್ ಬೋರ್ಡು ದಾಟಿ ಅಂಗಡಿಯೊಡತಿ ಆಯೇಶಾ ಚಹಾ ಕುದಿಸುತ್ತಿದ್ದ ಪಾತೇಲಿಗೆ ಬಿದ್ದಿತ್ತು.

“ಸಕ್ಕರಿ ನಾ ಹಾಕೀನಿ, ನೀ ಯಾಕ ಹಾಕ್ತಿ?” ಎಂದಳು ಆಯೇಶಾ.

ಸಂಗು ತಲೆ ತಗ್ಗಿಸಿದ. ಅವಮಾನ ಮೈಯೆಲ್ಲ ಉರಿಸಿದರೂ ಒಳಗೊಳಗೆ ಖುಷಿ. ಅವನು ಬೇಕೆಂದೇ ಹಾಗೆ ಹೊಡೆದಿದ್ದ.

ಮೊದಲೆಲ್ಲ ಅಣ್ಣ ಬಸವಂತರಾಯ, ತಮ್ಮ ಸಂಗು ಜೋಡಿಯಾಗಿ ಕೂತರೆ ಉಳಿದವರು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದರು. ಸೋತು ಸಾಕಾದವರೆಲ್ಲ ಸೇರಿ ಈ ಸಲ ಹೊಸ ನೇಮ ತಂದಿದ್ದರು: ಮುಂಜಾನೆ ಒಬ್ಬೊಬ್ಬರೇ ಹೊಡೆದು ತೋರಿಸಬೇಕು, ಎಲ್ಲರಿಗಿಂತ ಜೋರಾದವನಿಗೆ ಎಲ್ಲರಿಗಿಂತ ಮೆತ್ತಗಿನವನೇ ಜೋಡಿ. ಆಗ ಬಲ ಸಮನಾಗುತ್ತದಂತೆ.

ಆ ಅಣ್ಣ ತಮ್ಮ ಈಗ ಮಾತು ಬಿಟ್ಟಿದ್ದರು. ಅವ್ವ ಶಂಕ್ರೆವ್ವನನ್ನು ಮಣ್ಣು ಮಾಡಿ ಬಂದ ಸಂಜೆ, ಆಕೆಯನ್ನು ದವಾಖಾನೆಗೆ ತಡವಾಗಿ ಒಯ್ದದ್ದು ಯಾರ ತಪ್ಪು ಎಂದು ಮಾತಿಗೆ ಮಾತು ಬೆಳೆಯಿತು. ಗಂಟು ಕಟ್ಟಿಕೊಂಡು ತಾಳಿಕೋಟೆಗೆ ಹೋದ ಬಸವಂತರಾಯ ತಿರುಗಿ ನೋಡಿರಲಿಲ್ಲ. ಪಂದ್ಯಕ್ಕೆ ಮಾತ್ರ ಬರುತ್ತೇನೆಂದು ಹೇಳಿಕಳಿಸಿದ್ದ. ಕ್ಯಾರಂ ಜೋಡಿ ಎದುರುಬದುರು ಕೂಡಬೇಕು. ಎದುರು ಕೂತವನ ಮುಖ ಎಷ್ಟು ಹೊತ್ತು ನೋಡದೆ ಇರಲಾದೀತು? ಅಣ್ಣ ಮೊದಲಿಗನಾಗುವುದು ಖಾತ್ರಿ. ತಾನು ಕೊನೆಯವನಾದರೆ ಸಾಕು. ಹಾಗೆಂದೇ ಸಂಗು ಬೆರಳಿಗೆ ಅರಿವೆ ಸುತ್ತಿಕೊಂಡು ಬಂದಿದ್ದ.

ಮಂದಿ ಸುಮ್ಮನೆ ಬಿಡಬೇಕಲ್ಲ!

“ಬೆರಳು ಉಳುಕೈತಿ. ಹುಚ್ಚವ್ವನ ಕಡೆ ಎಳೀರಿ ಇವನ್ನ,” ಎಂದ ಗುರಲಿಂಗಪ್ಪ.

“ಏನೂ ಆಗಿಲ್ಲೋ ಕಾಕಾ!”

“ಬ್ಯಾನಿ ಜಾಸ್ತಿ ಆದವರು ಹಂಗ ಅಂತಾರ.”

ಮದುಮಗನನ್ನು ಮೆರೆಸುವ ಹಾಗೆ ಇಡೀ ಮಂದಿ ಅವನನ್ನು ಎತ್ತಿಕೊಂಡು ಹೋಯಿತು. ಚಪ್ಪರದಲ್ಲಿ ಉಳಿದದ್ದು ನಾರಾಯಣರಾಯರು, ಅವರ ಮಗ ಕೌಸ್ತುಭ ಮತ್ತು ಕೆಟ್ಟ ಚಹಾ.

ಉಳುಕು ತೆಗೆಯುವ ಹುಚ್ಚವ್ವ ಹರಳೆಣ್ಣೆ ಸವರಿ, ಬಾವಿಯಿಂದ ಕೊಡ ಜಗ್ಗುವವಳಂತೆ ಬೆರಳು ಜಗ್ಗಿದಳು. ಟಕ್ಕೆಂದಿತು. ಸಂಗು ಅವ್ವನನ್ನು ಕೂಗಿ ಅತ್ತ. ಮುಂಜಾನೆ ಸುಳ್ಳೇ ನೋಯುತ್ತಿದ್ದ ಬೆರಳು ಮಧ್ಯಾಹ್ನಕ್ಕೆ ಬದನೆಕಾಯಿಯಾಗಿತ್ತು.

ಆದರೂ ಓಡೋಡಿ ಬಂದ. ಆಟ ಹೋದರೆ ಹೋಗಲಿ, ಅಣ್ಣನ ಎದುರಿನ ಕುರ್ಚಿ ಸಿಕ್ಕರೆ ಸಾಕು. ಅಷ್ಟರಲ್ಲಿ ಬಸವಂತರಾಯ ತಾಳಿಕೋಟೆ ಬಸ್ಸಿನಿಂದ ಇಳಿದು, ಹೊಡೆದು ತೋರಿಸಿ, ಮೂಲೆಯಲ್ಲಿ ಕೂತಿದ್ದ. ಮೈ ಇಳಿದು ಹೋಗಿತ್ತು.

ನಾರಾಯಣರಾಯರು ಎದ್ದು ನಿಂತರು. “ಮೊದಲನೇ ಜೋಡಿ ಕೇಳ್ರಿ. ಎಲ್ಲಾರಕಿಂತ ಮೆತ್ತಗ, ಸಂಗು. ಎಲ್ಲಾರಕಿಂತ ಜೋರ...”

ಸಂಗು ಅಣ್ಣನ ಕಡೆ ಹೆಜ್ಜೆ ಎತ್ತಿದ.

“...ನಮ್ಮ ಕೌಸ್ತುಭ!”

“ಮತ್ತ... ನಮ್ಮಣ್ಣರಿ?”

“ಅವಂದೇನ ಕೇಳ್ತಿ! ನಿನ್ನ ಸ್ಟ್ರೈಕರ್ ಚಹಾದಾಗ ಬಿತ್ತು, ಅವಂದು ಗಟಾರದಾಗ. ಇಬ್ಬರೂ ಮೆತ್ತಗ, ನಿಮ್ಮನ್ನ ಕೂಡಸ್ಲಿಕ್ಕೆ ಬರೂದಿಲ್ಲ. ಅವಗ ಎರಡನೇ ನಂಬರಿನ ಗುರಲಿಂಗಪ್ಪ ಜೋಡಿ.”

ಮಂದಿಯ ಕಣ್ಣು ಸಂಗುವಿನ ಊದಿದ ಬೆರಳಿನ ಮೇಲೆ ಬಿತ್ತು. ಹಿಂದೆಯೇ ಬಂದಿದ್ದ ಹುಚ್ಚವ್ವ ಗಾಬರಿಯಾಗಿ ಒದರಿದಳು: “ನನ್ನ ಮ್ಯಾಲ ಹಾಕಬ್ಯಾಡ್ರಿ! ನಾ ಮುಟ್ಟೂತನಾ ಬೆರಳು ಛಲೋ ಇತ್ತು. ಆಟ ತಪ್ಪಸಾಕ ಸುಳ್ಳ ಅರಿವಿ ಸುತ್ಕೊಂಡು ನೆವ ಮಾಡ್ಯಾನ ಇವ.”

ಬಸವಂತರಾಯ ಮೂಲೆಯಿಂದ ಎದ್ದು ಬಂದ.

“ಹೌದೇನೋ ಸಂಗು? ನೀ ಮೊದಲ ಬರ್ತಿ, ನಾ ಕಡಿಗೆ ಬಂದ್ರ ನಿನ್ನ ಎದುರ ಕೂಡಾಕ ಸಿಗತೈತಿ ಅಂತ ನಾ ಬೇಕಂತ ತಪ್ಪ ಹೊಡದೆ. ನೀ ನೋಡಿದ್ರ ನನ್ನ ಮಾರಿ ನೋಡಬಾರದಂತ ಸುಳ್ಳ ಅರಿವಿ ಸುತ್ಕೊಂಡು ಬಂದಿ. ಒಂದ ಹೊಟ್ಟಿಯಾಗ ಹುಟ್ಟಿದವನೇನೋ ನೀ?”

ನಾನೂ ಅದನ್ನೇ ಮಾಡಿದೆನೋ ಯಣ್ಣಾ ಎನ್ನಲು ಸಂಗು ಬಾಯಿ ತೆರೆದ. ಹೊರಬರುವುದು ಬೈಗುಳವೋ ಅಳುವೋ ಅವನಿಗೇ ತಿಳಿಯಲಿಲ್ಲ. ಈಗ ಹೇಳಿದರೆ ನಂಬುವವರಾದರೂ ಯಾರು? ನೋಯುವ ಕೈಯನ್ನು ಎದೆಗೆ ಒತ್ತಿ ಹಿಡಿದು ಚಪ್ಪರದಿಂದ ಹೊರಗೆ ಕಾಲಿಟ್ಟ.

“ಅಲ್ಲಪಾ, ಈಗ ನನ್ನ ಎದುರ ಯಾರ ಕೂಡಬೇಕು?” ಎಂದು ಕೌಸ್ತುಭ ಹಿಂದಿನಿಂದ ಕೂಗಿದ.

ಸಂಗು ತಿರುಗಿ ನೋಡದೆ ನಡೆದುಬಿಟ್ಟ.