ಅಗಲ ಬಾಯಿಯ ದುರ್ಬೀನು

ವೈಜಿನಾಥ ಮಾಸ್ತರರನ್ನು ಕೆಡಿಸಿದ್ದು ಶನಿಯಲ್ಲ, ಶನಿಯ ಬಳೆ. ಘಾಟಬೋರಾಳದ ಶಾಲೆಯಲ್ಲಿ ವರ್ಷವರ್ಷವೂ "ಶನಿಗ್ರಹದ ಸುತ್ತ ಬಳೆಯಿದೆ" ಎಂದು ಪಾಠ ಹೇಳುತ್ತಿದ್ದರು. ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಕಾಣದ್ದನ್ನು ಕಂಡಂತೆ ಹೇಳಿ ಹೇಳಿ ತಮ್ಮ ಮೇಲೆಯೇ ಅವರಿಗೆ ಹೇಸಿಕೆ ಬಂದಿತ್ತು. ಕಡೆಗೊಂದು ಶನಿವಾರ ಶಾಲೆಗೆ ರಜೆ ಹಾಕಿ, ಸೈಕಲ್ಲು ಮಾರಿ, ದುರ್ಬೀನು ಕೊಳ್ಳಲು ಹುಮನಾಬಾದಿನ ಮೇಲೆ ಹಾಯ್ದು ಕಲ್ಯಾಣಿ ಪೇಟೆಗೆ ಹೊರಟರು.

ಬೇಡವೆಂದರೂ ಪಕ್ಕದ ಮನೆಯ ಮಹಾರುದ್ರಪ್ಪ ಜೊತೆಗೆ ಮೋಟಾರು ಹತ್ತಿದ. ಎತ್ತು ಆರಿಸುವುದರಲ್ಲಿ ಹೆಸರಾದ ಅವನು, ಜಗತ್ತಿನಲ್ಲಿ ಏನನ್ನಾದರೂ ಆರಿಸಬಲ್ಲೆನೆಂದು ನಂಬಿದ್ದ.

ಹಳೇ ಸಾಮಾನಿನ ಮಹೆಬೂಬನ ಅಂಗಡಿಯಲ್ಲಿ ಎರಡು ದುರ್ಬೀನುಗಳಿದ್ದವು. ಒಂದು ಹಿತ್ತಾಳೆಯದು, ಉದ್ದ, ತೆಳ್ಳಗೆ, ಥಳಥಳ. ಇನ್ನೊಂದು ತಗಡಿನದು, ಮೋಟು. ಮೇಲೆ ಕಾಳು ತುಂಬುವ ಹಗೇವಿನ ಹಾಗೆ ತೆರೆದ ಬಾಯಿ, ತಳದಲ್ಲಿ ಕನ್ನಡಿ, ಕಣ್ಣಿಡಲು ಪಕ್ಕದಲ್ಲೊಂದು ತೂತು.

ಮಹಾರುದ್ರಪ್ಪ ಹಿತ್ತಾಳೆಯದರ ಬೆನ್ನು ಸವರಿದ. "ಇದನ್ನ ತಗೋರಿ ಮಾಸ್ತರ. ಉದ್ದ ಇದ್ದಷ್ಟು ದೂರದ್ದು ಕಾಣ್ತದ. ಅದೇನ್ರಿ, ಹಿಟ್ಟಿನ ಡಬ್ಬಿ?"

"ಬಾಯಿ ಅಗಲ ಇದ್ದಷ್ಟು ಬೆಳಕು ಜಾಸ್ತಿ ಬರ್ತದ್ರಿ. ಕಿಮ್ಮತ್ತು ಉದ್ದಕ್ಕಲ್ಲ, ಬಾಯಿಗೆ."

"ಬಾಯಿ ದೊಡ್ಡದಿದ್ದವರ ಹಣೇಬರ ನಾ ಕಂಡೀನ್ರಿ!"

"ಮಾಸ್ತರ ಸಾಬ್, ಯಾರೂ ಮುಟ್ಟದ ಮಾಲದು. ವಾಪಸ್ ತರಬ್ಯಾಡ್ರಿ ಮತ್ತ," ಎಂದ ಮಹೆಬೂಬ.

ಹುಟ್ಟಿದಾಗಿನಿಂದ ಯಾರ ಮಾತನ್ನೂ ಮೀರದ ಮಾಸ್ತರರು ಆ ದಿನ ಮೊದಲ ಸಲ ಹಟ ಹಿಡಿದು ಮೋಟು ದುರ್ಬೀನನ್ನೇ ಕೊಂಡರು. ಧೋತರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಮರಳುವಾಗ, ಮೋಟಾರಿನ ಕಂಡಕ್ಟರ್ ಟೊಪ್ಪಿಗೆ ತೆಗೆದು, "ಕೂಸು ಯಾವಾಗ ತೀರ್ಕೊಂತ್ರಿ?" ಎಂದು ಕೇಳಿದ.

"ಸೈಕಲ್ ಮಾರಿ ಶನೀನ ಮನೀಗೆ ತಂದ್ರ್ಯಾ?" ಎಂದು ಹೆಂಡತಿ ಯಶೋದಾಬಾಯಿ ಕೂಗಿದ್ದು ಗೋಡೆ ದಾಟಿ ಓಣಿಗೆಲ್ಲ ಕೇಳಿತು. ಮುಸ್ಸಂಜೆಗೆ ಅಂಗಳ ತುಂಬಿತು. ಶನಿ ನೆತ್ತಿಯ ಮೇಲಿದ್ದ. ದುರ್ಬೀನು ಬಾಯಿ ತೆರೆದು ನೆಟ್ಟಗೆ ನಿಂತಿತು. ಮಾಸ್ತರರು ತೂತಿಗೆ ಕಣ್ಣಿಟ್ಟರು. ಮಸುಕು ಮಸುಕಾದ ಬೆಳಕಿನ ಮುದ್ದೆಯೊಂದು ಕಂಡಿತು. ಸ್ಪಷ್ಟವಾಗಲೆಂದು ತಿರುಪಿಗೆ ಕೈ ಹಾಕುವಷ್ಟರಲ್ಲಿ ಓಣಿಗೆಲ್ಲ ಹಿರಿಯಳಾದ ಗಯಾಬಾಯಿ ಅವರನ್ನು ಸರಿಸಿದಳು.

"ದೇವರ ದರ್ಶನ ಹಿರ್ಯಾರಿಗೆ ಮೊದಲೋ ಯಪ್ಪಾ."

ಮುದುಕಿ ತೂತಿಗೆ ಕಣ್ಣಿಟ್ಟು, ಆಸರೆಗೆಂದು ತಿರುಪನ್ನೇ ಹಿಡಿದಳು. ಅದು ತಾನಾಗಿ ತಿರುಗಿತು.

"ಅಯ್ಯ ಯವ್ವಾ! ಬಳೀ ತೊಟ್ಟು ಕುಂತಾನಲ್ಲ ಒಳಗ!"

ಅವಳು ಕೈ ಮುಗಿದು ಮನೆಗೆ ಓಡಿದಳು. ಮಹಾರುದ್ರಪ್ಪ ನೋಡಿದ, ಯಶೋದಾಬಾಯಿ ನೋಡಿದಳು, ಓಣಿಯ ಜನವೆಲ್ಲ ಬಳೆ ನೋಡಿ ಕೆನ್ನೆ ಬಡಿದುಕೊಂಡರು. ಮರ್ಯಾದಸ್ಥರಾದ ಮಾಸ್ತರರು ಕೊನೆಗೆ ನಿಂತಿದ್ದರು. ಹೊಟ್ಟೆ ಉರಿಯುತ್ತಿತ್ತು, ಆದರೂ ಎದೆ ಹಿಗ್ಗಿತ್ತು.

ಕೊನೆಗೂ ಅವರ ಪಾಳಿ ಬಂತು. ಕಣ್ಣಿಟ್ಟರು. ಅದೇ ಗಳಿಗೆಗೆ ತಲೆಯ ಮೇಲೆ ಗಳಗಳ ಸದ್ದಾಯಿತು, ಒಳಗೆಲ್ಲ ಕತ್ತಲಾಯಿತು.

ಗಯಾಬಾಯಿ ಕಟ್ಟೆಯ ಮೇಲೆ ನಿಂತು, ಶನಿವಾರ ತಾನಾಗಿ ಮನೆಗೆ ಬಂದ ಶನಿದೇವರಿಗೆ ತಂಬಿಗೆ ತುಂಬ ಎಳ್ಳೆಣ್ಣೆ ಸುರಿಯುತ್ತಿದ್ದಳು. ತಳದ ಕನ್ನಡಿ ಎಣ್ಣೆಯಲ್ಲಿ ಮುಳುಗಿತ್ತು.

ಮುದುಕಿ ತಂಬಿಗೆ ಬೋರಲು ಹಾಕಿ, ಪ್ರೀತಿಯಿಂದ ಮಾಸ್ತರರ ಬೆನ್ನು ತಟ್ಟಿದಳು. ಅವರ ಆಯ್ಕೆಯನ್ನು ಆ ದಿನ ಹೊಗಳಿದವಳು ಅವಳೊಬ್ಬಳೇ.

"ಶಾಣ್ಯಾ ಇದ್ದಿ ಮಾಸ್ತರ, ಛಲೋದು ಆರಿಸಿ ತಂದಿ. ಬಾಯಿ ಅಗಲ ಅದ ನೋಡು, ಒಂದು ಹನಿ ಎಣ್ಣಿ ಹೊರಗ ಬೀಳಲಿಲ್ಲ."