ಊರು ಬಿಡದ ಚೀಲ

ಚಿಂತೆ ಮಾಡುವುದಕ್ಕೆ ನನಗೆ ಕಾರಣ ಬೇಕಾಗಿಲ್ಲ. ಕಾರಣಗಳೇ ನನ್ನನ್ನು ಹುಡುಕಿಕೊಂಡು ಬರುತ್ತವೆ. ಬಸ್ಸು ಬರದಿದ್ದರೆ ಬರುತ್ತದೋ ಇಲ್ಲವೋ ಎಂಬ ಚಿಂತೆ, ಬಂದರೆ ಇದು ನನ್ನ ಬಸ್ಸು ಹೌದೋ ಅಲ್ಲವೋ ಎಂಬ ಚಿಂತೆ, ಹತ್ತಿ ಕುಳಿತ ಮೇಲೆ ಮನೆಯ ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂಬ ಚಿಂತೆ. ಮಳೆ ಪೂರ್ತಿ ಕೈಕೊಟ್ಟು, ಆಕಾಶ ಕಾದ ಹಂಚಿನಂತಾಗಿದ್ದ ಆ ವರ್ಷವೂ ನಾನು ದಿನಾ ಕೊಡೆ ಹಿಡಿದುಕೊಂಡೇ ಮನೆ ಬಿಡುತ್ತಿದ್ದೆ. ಬೀದರಿನ ನಮ್ಮ ಓಣಿಯ ಜನ ಮೊದಮೊದಲು ನಕ್ಕರು. ಆಮೇಲೆ, "ಮಾಸ್ತರ್ ಛತ್ರಿ ಒಯ್ತಾರಂತನೇ ಮಳಿ ಬರವಲ್ದು" ಎಂದು ಬೈಯತೊಡಗಿದರು. ಅಂದಿನಿಂದ ಬರಗಾಲಕ್ಕೆ ನಾನೇ ಹೊಣೆಯೋ ಏನೋ ಎಂಬುದೂ ಒಂದು ಚಿಂತೆಯಾಯಿತು.

ಇಷ್ಟು ಚಿಂತೆ ಹೊತ್ತವನ ರಕ್ತದೊತ್ತಡ ಸುಮ್ಮನಿರುತ್ತದೆಯೇ? ಡಾಕ್ಟರರು ಪಟ್ಟಿ ಬಿಗಿದು, ಬುರುಬುರು ಗಾಳಿ ಊದಿ, ನೋಡಿ, ಇನ್ನೊಮ್ಮೆ ಊದಿ, "ಬೆವರು ಬರೋ ಹಂಗ ಏನರೆ ಮಾಡ್ರಿ" ಎಂದರು. ಇನ್‌ಸ್ಪೆಕ್ಷನ್ನಿಗೆ ಸಾಹೇಬರು ಬಂದಾಗಲೆಲ್ಲ ಚೆನ್ನಾಗಿ ಬೆವರುತ್ತೇನೆ ಎಂದೆ. ಆ ಬೆವರು ಲೆಕ್ಕಕ್ಕಿಲ್ಲವಂತೆ. ಈ ಮಾತು ನನ್ನ ಗೆಳೆಯ ಖಾಜಾ ಸಾಹೇಬರ ಕಿವಿಗೆ ಬಿತ್ತು. ಅವರು ನಿವೃತ್ತ ಡ್ರಿಲ್ ಮಾಸ್ತರು. ಆಸ್ಪತ್ರೆಯ ಹಿಂದಿದ್ದ ಹಳೆಯ ಬ್ಯಾಡ್ಮಿಂಟನ್ ಅಂಗಳಕ್ಕೆ ಸುಣ್ಣದ ಗೆರೆ ಎಳೆದು ಪಿಕಲ್‌ಬಾಲ್ ಶುರು ಮಾಡಿದ್ದರು. ನಡುವೆ ಒಂದು ಜಾಳಿಗೆ, ಕೈಯಲ್ಲಿ ಅಗಲವಾದ ಚಪ್ಪಟೆ ಹಲಗೆ, ತೂತು ತೂತಾದ ಪ್ಲಾಸ್ಟಿಕ್ ಚೆಂಡು. ಚೆಂಡು ಮೆಲ್ಲಗೆ ಬರುತ್ತದೆ. ನಾನು ಅದಕ್ಕಿಂತ ಮೆಲ್ಲಗೆ ಹೋಗುತ್ತೇನೆ. "ಫಿಕರ್ ಮಾಡಬ್ಯಾಡ್ರಿ ಮಾಸ್ತರ್, ಐವತ್ತು ದಾಟಿದವ್ರಿಗಂತೇ ಖುದಾ ಮಾಡಿದ ಆಟ ಅದ ಇದು" ಎಂದರು ಖಾಜಾ ಸಾಹೇಬರು. ಒಂದೇ ತಿಂಗಳಲ್ಲಿ ನನಗೆ ಹುಚ್ಚು ಹಿಡಿಯಿತು.

ಆಟ ಕಲಿತದ್ದಾಯಿತು. ಆಟದ ಸಾಮಾನು ಹೊರುವುದು ಹೇಗೆ? ನನ್ನ ಶಾಲೆ ಇರುವುದು ಔರಾದ್ ರಸ್ತೆಯ ಸಂತಪುರದಲ್ಲಿ ಇಳಿದು ಇನ್ನೆರಡು ಮೈಲಿ ಒಳಗೆ. ಶಾಲೆ ಬಿಟ್ಟು ಬೀದರಿಗೆ ಬರುವಷ್ಟರಲ್ಲಿ ಆಟದ ಹೊತ್ತಾಗಿರುತ್ತದೆ. ಮನೆಗೆ ಹೋಗಿ ಸಾಮಾನು ತರಲು ಪುರಸೊತ್ತಿಲ್ಲ. ಅಂದರೆ ಬೆಳಗ್ಗೆಯೇ ಎಲ್ಲ ಕಟ್ಟಿಕೊಂಡು ಹೊರಡಬೇಕು. ಮೊದಲು ಯಾರದೋ ಮದುವೆಯಲ್ಲಿ ಕೊಟ್ಟಿದ್ದ ಬಟ್ಟೆಯ ಚೀಲ ಒಯ್ದೆ. ಹಲಗೆಯ ಹಿಡಿಕೆ ಹೊರಗಿಣುಕಿ, ಬಸ್ಸಿನಲ್ಲಿ ಪಕ್ಕದವರ ಪಕ್ಕೆಗೆ ತಿವಿಯುತ್ತಿತ್ತು. ಮರುದಿನ ಲ್ಯಾಪ್‌ಟಾಪಿನ ಚೀಲ ಹಾಕಿಕೊಂಡೆ. ಸಂತಪುರದಲ್ಲಿ ಇಳಿಯುತ್ತಲೇ ನಾಲ್ಕು ಮಂದಿ ಸುತ್ತುವರಿದು, ತಮ್ಮ ರೇಷನ್ ಕಾರ್ಡ್ ಎಲ್ಲಿಗೆ ಬಂತು ನೋಡಿ ಹೇಳಿ ಎಂದರು. ಒಳಗೆ ಬರೀ ಚೆಂಡು ಇವೆ ಎಂದರೆ ನಂಬಲಿಲ್ಲ. ಬೀದರಿನ ಆಟದ ಸಾಮಾನಿನ ಅಂಗಡಿಯಲ್ಲಿದ್ದದ್ದು ಕ್ರಿಕೆಟ್ಟಿನವರ ಉದ್ದನೆಯ ಚೀಲ ಒಂದೇ. "ಬೇಕಂದ್ರ ಇದ್ರಾಗ ನೀವ್ ಭೀ ಮಲ್ಕೋಬಹುದು ಸರ್" ಎಂದು ಅಂಗಡಿಯವನು ಜಿಪ್ ಎಳೆದು ತೋರಿಸಿದ. ಆ ಚೀಲದ ಆಕಾರ ನೋಡಿದರೆ ಅದರಲ್ಲಿ ಮಲಗಿದವನು ಮತ್ತೆ ಏಳುವ ಹಾಗೆ ಕಾಣಲಿಲ್ಲ.

ಕಡೆಗೆ ನನ್ನ ಹೆಂಡತಿ ಶಾರದೆಗೇ ಬೇಸರ ಬಂತು. "ಹೆಣ್ ನೋಡ್ಲಾಕ ಬಂದಾಗ ಐದ್ ಮಿನಿಟ್‌ನಾಗ ಹೂಂ ಅಂದ್ರಿ. ಒಂದ್ ಚೀಲಕ್ಕ ತಿಂಗಳಾಯ್ತು" ಎಂದಳು. ಇದಕ್ಕೆ ಏನು ಉತ್ತರ ಕೊಟ್ಟರೂ ಅಪಾಯವೆಂದು ಚೀಲದಲ್ಲಿಡುವ ಸಾಮಾನಿನ ಪಟ್ಟಿ ಬರೆಯಲು ಕುಳಿತೆ. ಅವಳೇ ದಾರಿ ಹೇಳಿದಳು: "ಭಾಲ್ಕಿಗಿ ಹೋಗ್ರಿ. ನಮ್ಮ ತವರ ಓಣ್ಯಾಗ ಮಾರುತಿ ಅಂತ ಅದಾನ. ಚೀಲ ಹೊಲಿಯೂದ್ರಾಗ ಅವ್ನ ಕೈ ಹಿಡಿಯೋರಿಲ್ಲ."

ಇಲ್ಲಿ ಸ್ವಲ್ಪ ನಿಲ್ಲಿಸಿ ಇನ್ನೊಂದು ಮಾತು ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆ ವರ್ಷ ನಮ್ಮ ಶಾಲೆಯ ಹಳ್ಳಿಯಿಂದ ವಾರಕ್ಕೆ ಎರಡು ಮೂರು ಮನೆಯವರು ಹೈದರಾಬಾದಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಡುತ್ತಿದ್ದರು. ದೊಡ್ಡವರು ಹೋದರೆ ಮಕ್ಕಳೂ ಹೋದವು. ಹೆಡ್‌ಮಾಸ್ತರನಾದ ನಾನು ಶಾಲೆಯ ಗಂಟೆಗೆ ಮೊದಲೇ ಮನೆಮನೆಗೆ ಹೋಗಿ, "ನೀವು ಹೋಗಿ ಬನ್ನಿ, ಮಕ್ಕಳನ್ನು ಸಂಬಂಧಿಕರ ಮನೆಯಲ್ಲಿ ಬಿಡಿ, ಶಾಲೆ ತಪ್ಪಿಸಬೇಡಿ" ಎಂದು ಬೇಡಿಕೊಳ್ಳುತ್ತಿದ್ದೆ. ಕಮಲಾಬಾಯಿ ಎಂಬಾಕೆಯ ಮಗಳು ಸುಜಾತಾ ಏಳನೆಯ ಇಯತ್ತೆ. ಹಿಂದಿನ ವರ್ಷ ಅವ್ವನ ಜೊತೆ ಹೋಗಿ ಅರ್ಧ ವರ್ಷ ಕಳೆದುಕೊಂಡಿದ್ದಳು. ಈ ಸಲವೂ ಹೋದರೆ ಶಾಲೆ ಬಿಟ್ಟಂತೆಯೇ ಲೆಕ್ಕ. ಓದಿನಲ್ಲಿ ಚುರುಕು. ನಾನು ಎಡವಿ ಓದುವ ಸರ್ಕಾರಿ ಸುತ್ತೋಲೆಯನ್ನು ಅವಳು ತಡೆಯಿಲ್ಲದೆ ಓದುತ್ತಾಳೆ. ಮಗಳನ್ನು ತನ್ನ ತಂಗಿಯ ಮನೆಯಲ್ಲಿ ಬಿಡಲು ಕಮಲಾಬಾಯಿ ಬಹಳ ದಿನ ಒಪ್ಪಲಿಲ್ಲ. ಒಪ್ಪಿದಾಗಲೂ ಒಂದು ಮಾತು ಕೇಳಿದಳು: "ನೀವ್ ಇಲ್ಲೇ ಇರ್ತೀರೇನ್ರಿ ಸರ್? ಸಾಲಿ ನಡುವ ನೀವ್ ಭೀ ಹೋದ್ರ ನನ್ ಪೋರಿ ಯಾರ್ ಮಾರಿ ನೋಡ್ಬೇಕ್ರಿ?" ನಾನು ಎದೆ ತಟ್ಟಿಕೊಂಡು, "ಇರ್ತೇನವ್ವಾ, ಎಲ್ಲಿ ಹೋಗ್ತೇನಿ" ಎಂದೆ.

ಆ ಭಾನುವಾರ ಭಾಲ್ಕಿಗೆ ಹೋದೆ. ಮಾರುತಿ ಬಾಯಲ್ಲಿ ದಾರ ಕಚ್ಚಿಕೊಂಡು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ. "ಏನೇನ್ ಇಡೂದದ್ರಿ ಭಾವ್ಜಿ?" ಎಂದು ಕೇಳಿದ. ಹೆಂಡತಿಯ ಓಣಿಯಲ್ಲಿ ನಾನು ಎಲ್ಲರಿಗೂ ಭಾವ್ಜಿ. ಪಟ್ಟಿ ತೆಗೆದು ಓದಿದೆ. ಹಲಗೆ ಎರಡು, ಒಂದು ಮುರಿದರೆ? ಚೆಂಡು ಆರು. ಬೂಟಿಗೆ ಬೇರೆ ಖಾನೆ, ಅದರ ವಾಸನೆ ಬುತ್ತಿಗೆ ತಾಗಬಾರದು. ನೀರಿನ ಬಾಟಲಿ ಎರಡು. ಟವೆಲ್, ಸಾಬೂನು, ಇನ್ನೊಂದು ಜೊತೆ ಬಟ್ಟೆ. ಬಸ್ಸು ಕೆಟ್ಟು ನಿಂತರೆ ಎಂದು ಒಂದು ಲುಂಗಿ, ಚಾದರ. ವಾರಕ್ಕಾಗುವಷ್ಟು ಬಿ.ಪಿ. ಗುಳಿಗೆ, ಮೊಣಕಾಲ ಪಟ್ಟಿ, ಬ್ಯಾಟರಿ, ಆಧಾರ್ ಕಾರ್ಡಿನ ಝೆರಾಕ್ಸ್. ಮಾರುತಿ ಬಾಯಿಂದ ದಾರ ತೆಗೆದ. "ಭಾವ್ಜಿ, ನೀವ್ ಆಟ ಆಡಿ ಅದೇ ದಿನ ಮನಿಗಿ ಬರ್ತೀರೇನ್ರಿ?" "ಹೌದಲ್ಲ." "ಆತು ಬಿಡ್ರಿ. ಇಷ್ಟೆಲ್ಲಾ ಹಿಡಿಯೋ ನಮೂನಿ ನನ್ ಕಡಿ ಒಂದೇ ಅದ. ಈ ವರ್ಷ ಹಗಲು ರಾತ್ರಿ ಅದನ್ನೇ ಹೊಲೀಲಾಕತ್ತೀನಿ. ತಲಿ ಮ್ಯಾಗಿಂದ ಒಗೆದ್ರ ಭೀ ಹರಿಯಂಗಿಲ್ಲ."

ಎಂಥ ಚೀಲ ಅದು! ಗಾಢ ನೀಲಿ ರೆಕ್ಸಿನ್, ಅಂಚಿಗೆ ಕೆಂಪು ಪಟ್ಟಿ. ತಳಕ್ಕೆ ಎರಡು ಪದರ. ಹೆಗಲಿಗೆ ಒತ್ತದ ಅಗಲ ಪಟ್ಟಿ. ಬದಿಗೆ ಬಾಟಲಿಯ ಜೇಬು, ಕೆಳಗೆ ಬೂಟಿನ ಖಾನೆ, ಒಳಗೊಂದು ಗುಪ್ತ ಜೇಬು. ಮೇಲಿನ ಜಿಪ್ಪಿಗೆ ಒಂದು ಪುಟ್ಟ ಬೀಗ ಬೇರೆ, ಪುಕ್ಕಟೆ. ಇಂಥದನ್ನು ಈ ವರ್ಷ ಇಷ್ಟೊಂದು ಜನ ಯಾಕೆ ಹೊಲಿಸುತ್ತಿದ್ದಾರೆ ಎಂದು ನಾನು ಕೇಳಲಿಲ್ಲ. ಚಿಂತೆಗಾರರ ಹಣೆಬರಹವೇ ಇಷ್ಟು: ಬಂದೀತೋ ಬಾರದೋ ಎಂಬ ನೂರು ಕಷ್ಟಗಳನ್ನು ಎಣಿಸುತ್ತ ಕೂರುತ್ತೇವೆ, ಎದುರಿಗೆ ಬಂದು ನಿಂತದ್ದಕ್ಕೆ ಕಾಸು ಕೊಟ್ಟು ಹೆಗಲಿಗೇರಿಸಿಕೊಳ್ಳುತ್ತೇವೆ.

ಸೋಮವಾರ ಬೆಳಗ್ಗೆ ಬೀದರ್ ಬಸ್ ನಿಲ್ದಾಣದಲ್ಲಿ ಉತ್ತರ ಸಿಕ್ಕಿತು. ಹೈದರಾಬಾದ್ ಬಸ್ಸು ನಿಲ್ಲುವ ಕಡೆ ಜನ ಗುಂಪು ಗುಂಪಾಗಿ ಕುಳಿತಿದ್ದರು. ಪ್ರತಿ ಗುಂಪಿನ ನಡುವೆಯೂ ನೀಲಿ ಚೀಲ, ಕೆಂಪು ಅಂಚು. ನಾನು ಟಿಕೆಟ್ಟಿಗೆ ಚಿಲ್ಲರೆ ಹುಡುಕುತ್ತಿದ್ದಾಗ ಒಬ್ಬ ಕಂಡಕ್ಟರು ನನ್ನ ಚೀಲವನ್ನೂ ಎತ್ತಿ ಹೈದರಾಬಾದ್ ಬಸ್ಸಿನೊಳಗೆ ಎಸೆದ. ಮಾರುತಿ ಹೇಳಿದಂತೆ ಹರಿಯಲಿಲ್ಲ. ನಾನು ಹೋಗುವುದು ಸಂತಪುರಕ್ಕೆಂದು ಕೂಗಿಕೊಂಡು ಇಳಿಸಿದೆ. "ಸಂತಪುರಕ್ಕೇನ್ರಿ ಕಾಕಾ?" ಎಂದು ಕಂಡಕ್ಟರು ಕನಿಕರದಿಂದ ನೋಡಿದ. "ಅಲ್ಲಿ ಕೆಲ್ಸ ಸಿಗ್ಲಿಲ್ಲೇನ್ರಿ? ಇಷ್ಟ್ ಲಗೂ ಊರಿಗಿ ವಾಪಸ್ ಹೊಂಟ್ರಿ?"

ಸಂತಪುರದಿಂದ ಹಳ್ಳಿಯ ದಾರಿ ಹಿಡಿದಾಗ ಎದುರಿಗೆ ಬಂದವರೆಲ್ಲ ಮೊದಲು ಚೀಲ ನೋಡಿ, ಆಮೇಲೆ ನನ್ನ ಮುಖ ನೋಡಿ, ಮಾತಾಡಿಸದೆ ಮುಂದೆ ಹೋದರು. ನಮ್ಮ ಕಡೆ ಊರು ಬಿಡುವವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಆಗುವುದಿಲ್ಲವೆಂದು ನಂಬಿಕೆ. ಬಿಸಿಯೂಟದ ಗಂಟೆ ಹೊಡೆಯುವಷ್ಟರಲ್ಲಿ ಶಾಲೆಯ ಅಂಗಳದಲ್ಲಿ ಹತ್ತು ಹನ್ನೆರಡು ಜನ. ಮುಂದೆ ಕಮಲಾಬಾಯಿ, ಅವಳ ಕೈಯಲ್ಲಿ ಒಂದು ಬಟ್ಟೆಯ ಗಂಟು.

"ತಗೋರಿ ಸರ್, ನಾಕ್ ರೊಟ್ಟಿ, ಶೇಂಗಾ ಹಿಂಡಿ. ದಾರ್ಯಾಗ ಆಗ್ತದ" ಎಂದು ಗಂಟು ಮೇಜಿನ ಮೇಲಿಟ್ಟಳು. ಊರು ಬಿಡುವವರಿಗೆ ಬುತ್ತಿ ಕಟ್ಟುವುದು ನಮ್ಮಲ್ಲಿ ರೂಢಿ. "ಇನ್ನ ನನ್ ಪೋರೀದು ಟಿ.ಸಿ. ಬರೆದ್ ಕೊಡ್ರಿ. ನಾಳಿ ಹೊಂಟೀನಿ, ಕರ್ಕೊಂಡೇ ಹೋಗ್ತೀನಿ."

"ಯಾಕವ್ವಾ? ಬಿಡ್ತೀನಿ ಅಂದಿದ್ದೆಲ್ಲಾ?"

"ನೀವೂ ಇರ್ತೀನಿ ಅಂದಿದ್ರಿ." ಅವಳು ಮೂಲೆಯಲ್ಲಿದ್ದ ಚೀಲದ ಕಡೆ ಗದ್ದ ಎತ್ತಿದಳು. "ಆ ಚೀಲ ನಮ್ಮನ್ಯಾಗ ಭೀ ಅದರಿ."

ಹಿಂದಿನಿಂದ ಒಬ್ಬ ಅಜ್ಜ, "ಮಾಸ್ತರ್‌ಗೇ ಇಲ್ಲಿ ನೀರು ಸಿಗದಂಗ ಆದ್ಮ್ಯಾಗ ನಮ್ಮದೇನ್ ಬಿಡ್ರಿ" ಎಂದ. ಇನ್ನಿಬ್ಬರೂ ತಮ್ಮ ಮಕ್ಕಳ ಟಿ.ಸಿ. ಕೇಳಿದರು. ಇದು ಆಟದ ಚೀಲ ಎಂದೆ. ಯಾರೂ ನಗಲೂ ಇಲ್ಲ. ತೋರಿಸಿಯೇ ಬಿಡುತ್ತೇನೆಂದು ಚೀಲವನ್ನು ಮೇಜಿನ ಮೇಲಿಟ್ಟು ಜಿಪ್ ಎಳೆದೆ. ಚಿಂತೆಗಾರನೊಬ್ಬ ತನ್ನ ಚೀಲವನ್ನು ನಾಲ್ಕು ಜನರ ಮುಂದೆ ಬಿಚ್ಚಬಾರದು ಎಂಬುದು ನನಗೆ ಹೊಳೆದದ್ದು ಮೊದಲು ಲುಂಗಿ ಹೊರಬಂದಾಗ. ಅದರ ಹಿಂದೆ ಚಾದರ. ಸಾಬೂನು. ಅಂಗಿ ಪ್ಯಾಂಟು. ಬ್ಯಾಟರಿ. ಗುಳಿಗೆಯ ಪಟ್ಟಿಗಳು ಜೋತಾಡುತ್ತ ಬಂದವು. "ಆಧಾರ್ ಭೀ ಇಟ್ಕೊಂಡಾರ" ಎಂದರು ಯಾರೋ. ಕೊನೆಗೆ ಜಯ ಸಿಕ್ಕಿತೆಂದು ಎರಡು ಹಲಗೆಗಳನ್ನು ಎತ್ತಿ ಹಿಡಿದೆ. ಅಜ್ಜ ಅದನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿ, "ರೊಟ್ಟಿ ಬಡಿಯೋ ಹಲಗಿ ಭೀ ಒಯ್ಲಾಕತ್ತಾರ್ರೋ. ಹಗರ ಅದ, ಚಲೋ ಅದ" ಎಂದ.

ಇನ್ನು ಬಾಯಿಮಾತು ಸಾಲದೆಂದು ಅಂಗಳಕ್ಕಿಳಿದೆ. ಬಿಸಿಯೂಟದ ಎರಡು ಬಕೆಟ್ಟುಗಳ ನಡುವೆ ಸೆಣಬಿನ ಹಗ್ಗ ಕಟ್ಟಿದೆ. ಒಂದು ಹಲಗೆ ಸುಜಾತಾಳಿಗೆ ಕೊಟ್ಟು, ಚೆಂಡು ಹೇಗೆ ಹೊಡೆಯಬೇಕು ಎಂದು ಹೇಳಿ, ಮೆಲ್ಲಗೆ ಹೊಡೆದೆ. ಅವಳು ಮೆಲ್ಲಗೆ ಹೊಡೆಯಲಿಲ್ಲ. ಚೆಂಡು ನನ್ನ ಕನ್ನಡಕಕ್ಕೆ ಬಂದು ಬಡಿಯಿತು. ಎರಡನೆಯದು ಕಾಲ ಸಂದಿಯಿಂದ ಹೋಯಿತು. ಮೂರನೆಯದರ ಹಿಂದೆ ಓಡಿ ನೀರಿನ ತೊಟ್ಟಿಗೆ ಆತುಕೊಂಡೆ. ಜನ ಆಗ ನಕ್ಕರು. ಕಮಲಾಬಾಯಿ ಸೆರಗು ಬಾಯಿಗೆ ಇಟ್ಟುಕೊಂಡು, "ಖರೇನೇ ಆಟ ಅದರಿ ಇದು. ಇಷ್ಟ್ ಕೆಟ್ಟದಾಗಿ ಯಾರೂ ಸುಳ್ಳ ಸುಳ್ಳ ಆಡಂಗಿಲ್ಲ" ಎಂದಳು. ನನ್ನ ಆಟಕ್ಕೆ ಈವರೆಗೆ ಬಂದ ಒಂದೇ ಮೆಚ್ಚುಗೆ ಅದು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹತ್ತು ವರ್ಷ ಊರೂರು ಚೀಲ ಕಟ್ಟಿ ಬಿಚ್ಚಿದ ಹೆಂಗಸು ಆಕೆ. ಸಾಮಾನು ತಿರುಗಿ ತುಂಬುವಾಗ ಒಳಬದಿಗೆ ಕೈ ಹಾಕಿ, "ಇದೊಂದ್ ಜಿಪ್ ಉಳೀತಲ್ರಿ ಸರ್" ಎಂದಳು.

ಓದುಗರೇ, ಆ ಜೇಬಿನ ವಿಷಯವನ್ನು ನಾನು ನಿಮಗೂ ಹೇಳಿಲ್ಲ. ಅದರಲ್ಲಿದ್ದದ್ದು ನನ್ನ ವರ್ಗಾವಣೆಯ ಅರ್ಜಿ. ತೀವ್ರ ಮೊಣಕಾಲು ನೋವಿನಿಂದ ದಿನನಿತ್ಯ ಬಸ್ ಪ್ರಯಾಣ ಅಸಾಧ್ಯವಾಗಿದ್ದು, ದಯಮಾಡಿ ಬೀದರ್ ನಗರದ ಯಾವುದಾದರೂ ಶಾಲೆಗೆ ನಿಯುಕ್ತಿಗೊಳಿಸಬೇಕೆಂದು ಕೋರಿ, ಆಟ ಶುರು ಮಾಡುವ ಮೊದಲೇ ಡಾಕ್ಟರರಿಂದ ಪಡೆದಿದ್ದ ಅಸಲು ಸರ್ಟಿಫಿಕೇಟಿನ ಸಮೇತ. ಆ ವಾರವೇ ಕೊನೆಯ ದಿನ. ಔರಾದಿನ ಶಿಕ್ಷಣ ಇಲಾಖೆಯ ಕಚೇರಿಗೆ ಕೊಡಬೇಕೆಂದು ಇಟ್ಟುಕೊಂಡಿದ್ದೆ. ಸಿಕ್ಕೀತೋ ಇಲ್ಲವೋ, ಕೊಟ್ಟಿಡೋಣ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

"ಅದರಾಗ ಬರೀ ಕಾಗದ ಅವ" ಎಂದೆ.

"ಏನ್ ಕಾಗದ?" ಕಮಲಾಬಾಯಿ ಅದನ್ನು ಹೊರತೆಗೆದಳು. ಅವಳಿಗೆ ಓದಲು ಬಾರದು. ಮಗಳ ಕೈಗೆ ಕೊಟ್ಟಳು. "ಓದ್ ಪೋರಿ."

ಸುಜಾತಾಳಿಗೆ ಓದು ಕಲಿಸಿದವನು ನಾನೇ. ಮೊದಲ ಬಾರಿಗೆ ಪಶ್ಚಾತ್ತಾಪವಾಯಿತು. ಅವಳ ಕಣ್ಣು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ, ಎಲ್ಲೂ ಎಡವದೆ, ಇಳಿಯಿತು. ಸಹಿಯವರೆಗೆ ಹೋಗಿ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ಜೇಬಿಗೆ ಸೇರಿಸಿ, "ಮೊಣಕಾಲ ನೋವಿಂದ್ ಅದ ಅವ್ವಾ. ಡಾಕ್ಟರ್ ಬರದಾರ" ಎಂದಳು. ಒಂದಕ್ಷರ ಸುಳ್ಳಿರಲಿಲ್ಲ.

ಕಮಲಾಬಾಯಿ ಆ ಜೇಬಿನ ಜಿಪ್ ಎಳೆದಳು. "ಪೋರಿ ಬಿಟ್ಟ್ ಹೋಗ್ತೀನ್ರಿ ಸರ್. ಆದ್ರ ಚೀಲ ಇಲ್ಲೇ ಇರ್ಲಿ. ಆಡೂ ಸಾಮಾನು ಹುಡುಗ್ರು ಆಡ್ಲಿ, ಗುಳಿಗಿ ನೀವ್ ತಗೋರಿ. ಉಳಿದದ್ದು ನಾ ಬಂದ್ಮ್ಯಾಗ." ನನ್ನ ಉತ್ತರಕ್ಕೆ ಕಾಯದೆ ಆ ಪುಟ್ಟ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಮರುದಿನ ಕೀಲಿ ಹೈದರಾಬಾದಿಗೆ ಹೋಯಿತು. ಟಿ.ಸಿ. ಕೇಳಿದ್ದ ಇನ್ನಿಬ್ಬರೂ ಮಕ್ಕಳನ್ನು ಬಿಟ್ಟೇ ಹೋದರು.

ಇನ್ನೊಂದು ಅರ್ಜಿ ಬರೆಯಬಹುದಿತ್ತು ಎನ್ನುತ್ತೀರಿ. ನಾನೂ ಎಂದುಕೊಂಡೆ. ಇನ್ನೊಂದು ಸರ್ಟಿಫಿಕೇಟು ಕೇಳಲೆಂದು ಆಸ್ಪತ್ರೆಗೂ ಹೋದೆ. ಆದರೆ ಡಾಕ್ಟರರ ಕೋಣೆಯ ಕಿಟಕಿ ನಮ್ಮ ಆಟದ ಅಂಗಳಕ್ಕೇ ತೆರೆಯುತ್ತದೆ. ಅವರು ನನ್ನನ್ನು ನೋಡಿದವರೇ, "ನಿನ್ನಿ ಸಂಜಿಕಡಿ ಛಂದ್ ಓಡಿದ್ರಿ ನೋಡ್ರಿ" ಎಂದರು. ಬಿ.ಪಿ. ತೋರಿಸಿಕೊಂಡು ಬಂದೆ. ಕೊನೆಯ ದಿನ ತನ್ನ ಪಾಡಿಗೆ ತಾನು ದಾಟಿಹೋಯಿತು.

ಈಗ ಚೀಲ ಏಳನೆಯ ಇಯತ್ತೆಯ ಗೋಡೆಗೆ ನೇತಾಡುತ್ತದೆ. ನಾನು ಖಾಜಾ ಸಾಹೇಬರ ಹಳೆಯ ಹಲಗೆಯಲ್ಲಿ ಆಡುತ್ತೇನೆ, ಬರಿಗೈಯಲ್ಲಿ ಓಡಾಡುತ್ತೇನೆ, ಹೆಗಲು ಹಗುರ. ಸುಜಾತಾ ದಿನಾ ಒಳಗೆ ಬಂದೊಡನೆ ಮೊದಲು ಚೀಲವನ್ನು ನೋಡುತ್ತಾಳೆ, ಆಮೇಲೆ ನನ್ನನ್ನು. ಇಬ್ಬರೂ ಇದ್ದೇವೆಂದು ಖಾತ್ರಿಯಾದ ಮೇಲೆ ಪುಸ್ತಕ ತೆಗೆಯುತ್ತಾಳೆ. ಶನಿವಾರ ಅವ್ವನ ಫೋನು ನನ್ನ ಮೊಬೈಲಿಗೇ ಬರುತ್ತದೆ. ಮೊನ್ನೆ ಹುಡುಗಿ ನನ್ನ ಎದುರಿಗೇ ನಿಂತು, ನನ್ನ ಫೋನಿನಲ್ಲೇ, ನನ್ನ ಮೇಲೆ ಕಣ್ಣಿಟ್ಟುಕೊಂಡೇ ವರದಿ ಒಪ್ಪಿಸಿದಳು: "ಹೂಂ ಅವ್ವಾ, ಚೀಲ ಅದ. ಸರ್ ಭೀ ಅದಾರ. ಮೊಣಕಾಲು? ಪೂರಾ ಆರಾಮ್ ಆಗ್ಯಾದ. ಇನ್ನ ನೋಯಂಗಿಲ್ಲಂತ."

ಹೌದೋ ಅಲ್ಲವೋ ಎಂದು ನನ್ನ ಮೊಣಕಾಲನ್ನು ಯಾರೂ ಕೇಳಿರಲಿಲ್ಲ.