ಸುಂಡಿಲಿ ಇಲ್ಲದ ಕಣಿವೆ

2023ರ ಅಕ್ಟೋಬರ್‌ನಲ್ಲಿ, ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯ ನಲವತ್ತೊಂದನೇ ಪುಟದಲ್ಲಿ, ನಾನು ಅರಿಜೋನಾ ಮರುಭೂಮಿಯ ಒಂದು ಇಡೀ ಕಣಿವೆಯಿಂದ ಸುಂಡಿಲಿಗಳನ್ನು ಅಳಿಸಿಹಾಕಿದೆ. ಸೆಂಟರ್‌ವಿಲ್‌ನ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡೇ ಆ ಕೆಲಸ ಮುಗಿಯಿತು. ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಹದಿನಾಲ್ಕು ವರ್ಷ ಕಂಡವರ ವಾಕ್ಯ ಕತ್ತರಿಸಿದ ಕೈ ಇದು. ಅಮೆರಿಕಕ್ಕೆ ಬಂದು ಸಂಘದ ಸಂಚಿಕೆಯ ಸಂಪಾದಕನಾದ ಮೇಲೂ ಸುಮ್ಮನಿರುವುದಿಲ್ಲ.

ಲೇಖನ ಬರೆದವರು ಜಾನ್ಸ್ ಕ್ರೀಕ್‌ನ ರಾಮಸ್ವಾಮಿ ಅಂಕಲ್, ನಿವೃತ್ತ ಪ್ರಾಣಿಶಾಸ್ತ್ರಜ್ಞರು. ಪ್ರತಿ ಚಳಿಗಾಲ ಮರುಭೂಮಿಗೆ ಹೋಗಿ, ನೆಲದಲ್ಲಿ ಡಬ್ಬಿ ಹೂತು, ಬಿದ್ದ ಸುಂಡಿಲಿಯನ್ನು ಬೆಳಗ್ಗೆ ಎಣಿಸಿ ಬಿಟ್ಟುಬಿಡುತ್ತಾರೆ. ಹೆಬ್ಬೆರಳಿನಷ್ಟು ಪ್ರಾಣಿ, ಕತ್ತಾಳೆಯ ಒಣಬುಡದಲ್ಲಿ ಅಡಗಿ, ನೀರು ಸಿಗದಿದ್ದರೂ ತಿಂದ ಹುಳುವಿನ ರಸದಲ್ಲೇ ಬದುಕುತ್ತದೆ. ಅವರ ನಕ್ಷೆಯಲ್ಲಿ ಸಿಕ್ಕ ಕಡೆಯೆಲ್ಲ ಚುಕ್ಕೆ. ಒಂದು ಕಣಿವೆಗೆ ಮಾತ್ರ ಓರೆಗೆರೆ ಎಳೆದು ‘ಇನ್ನೂ ಹುಡುಕಿಲ್ಲ’ ಎಂದು ಬರೆದಿದ್ದರು.

ಸಂಘದ ಅಧ್ಯಕ್ಷರಿಗೆ ಇದು ಇಲಿ. ಇಲಿಗೆ ನಾಲ್ಕು ಪುಟ ಕೊಟ್ಟರೆ ಒಬ್ಬಟ್ಟಿನ ರೆಸಿಪಿ ಎಲ್ಲಿ ಹಾಕೋದು ಎಂದು ಮೂರು ಸಲ ಫೋನ್ ಮಾಡಿದರು. ಸುಂಡಿಲಿ ಇಲಿಯ ಜಾತಿಯೇ ಅಲ್ಲ ಎಂದು ನಾನೂ ಮೂರು ಸಲ ಹೇಳಿದೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಕೊನೆಗೆ ಒಬ್ಬಟ್ಟಿಗೆ ಒಂದು ಪುಟ ಬಿಟ್ಟುಕೊಟ್ಟೆ. ಆದರೆ ಓರೆಗೆರೆ ಗಲೀಜಾಗಿ ಕಾಣುತ್ತದೆಂದು ತೆಗೆದು, ‘ಈ ಕಣಿವೆಯಲ್ಲಿ ಸುಂಡಿಲಿ ಇಲ್ಲ’ ಎಂದು ಚುಟುಕಾಗಿ ಅಡಿಬರಹ ಹಾಕಿದವರು ಅಧ್ಯಕ್ಷರಲ್ಲ. ನಾನು.

ಆ ಚಳಿಗಾಲ ಅಂಕಲ್ ಹೋಗಬೇಕಿದ್ದದ್ದು ಅದೇ ಕಣಿವೆಗೆ. ಈಗ ಮಂಡಿ ಮಡಚಲಾಗದ ಅವರಿಗೆ ಗುಂಡಿ ತೋಡಿಕೊಡಲು ಅವರ ಪಕ್ಕದ ಮನೆಯ ಕಾಲೇಜು ಹುಡುಗಿ ಅನಘಾ ಒಪ್ಪಿದ್ದಳು. ಸಂಚಿಕೆ ಓದಿದ ಅವಳ ಅಪ್ಪ, ಇಲ್ಲದ ಪ್ರಾಣಿ ಹುಡುಕೋಕೆ ಮಗಳ ರಜೆ ಯಾಕೆ ಹಾಳಾಗಬೇಕು ಎಂದು ಟಿಕೆಟ್ ಕ್ಯಾನ್ಸಲ್ ಮಾಡಿಸಿದರು.

ಅಂಕಲ್ ಫೋನ್ ಮಾಡಿದರು. ಧ್ವನಿ ಏರಿಸಲಿಲ್ಲ.

“ಇಲ್ಲ ಅಂತ ನಿಂಗೆ ಯಾರಪ್ಪ ಹೇಳಿದ್ದು?”

“ಜಾಗ ಸಾಲ್ಲಿಲ್ಲ ಅಂಕಲ್.”

“ಮೂವತ್ತು ವರ್ಷದಲ್ಲಿ ನಾನು ಒಂದ್ಸಲಾನೂ ಹಾಗೆ ಬರೆದೋನಲ್ಲ. ಈಗ ನನ್ನ ಹೆಸರಿನ ಕೆಳಗೇ ಅಚ್ಚಾಗಿದೆ. ಗುದ್ದಲಿ ಹಿಡಿಯೋಕೆ ಬರುತ್ತಾ ನಿಂಗೆ?”

ಡಿಸೆಂಬರ್‌ನಲ್ಲಿ ನನ್ನ ರಜೆಯ ಹತ್ತು ದಿನ ಆ ಕಣಿವೆಯಲ್ಲಿ ಕಳೆದವು. ಅಂಕಲ್ ಮಡಚುವ ಕುರ್ಚಿಯಲ್ಲಿ ಕೂತು ಬೆರಳು ತೋರಿಸಿದರು, ನಾನು ತೋಡಿದೆ. ಗುಂಡಿ ನೆಟ್ಟಗಿಲ್ಲ, ಡಬ್ಬಿಯ ಅಂಚು ನೆಲಕ್ಕಿಂತ ಮೇಲಿದೆ, ಇದರೊಳಗೆ ಬೀಳಬೇಕಾದರೆ ಸುಂಡಿಲಿ ಏಣಿ ತರಬೇಕು ಎಂದರು. ಪ್ರತಿ ಬೆಳಗ್ಗೆ ನಾನೇ ಬಗ್ಗಿ ನೋಡಿದೆ. ಒಟ್ಟು ಸಿಕ್ಕಿದ್ದು ಹನ್ನೊಂದು ಜೀರುಂಡೆ, ಎರಡು ಚೇಳು, ನನ್ನ ಕನ್ನಡಕ.

ಅಂಕಲ್ ಕಳಿಸಿದ ಹೊಸ ನಕ್ಷೆ ಹೋದ ವಾರ ಬಂದಿದೆ. ಆ ಕಣಿವೆಯ ಕೆಳಗೆ ಅವರ ಕೈಬರಹ: ‘ಹುಡುಕಿದೆ, ಸಿಕ್ಕಿಲ್ಲ. ಗುಂಡಿ ತೋಡಿದವನು ಹೊಸಬ. ಮತ್ತೆ ಹುಡುಕಬೇಕು.’